ಹೆಸರಿಲ್ಲದ ಏಳು ಸಾವಿರ ಜನ
(ವಾಚನಾಲಯದ ಭಾಷಣಮಾಲೆಯಲ್ಲಿ ಮಾಡಿದ ಭಾಷಣ)



ಅಮೇರಿಕವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ನ್ಯೂಯಾರ್ಕಿನ ಮುಗಿಲು ಮುಟ್ಟುವ ಮಹಡಿಗಳು. ಆದರೆ ಹತ್ತೊಂಬತ್ತನೆಯ ಶತಮಾನದ ಉದ್ದಕ್ಕೂ ಅಲ್ಲಿನ ಬಹುಪಾಲು ಜನ ಹಳ್ಳಿಗಾಡಿನವರೇ. ನಗರವಾಸಿಗಳು ಅರ್ಧಕ್ಕಿಂತ ಹೆಚ್ಚಾದದ್ದು 1920ರ ಗಣತಿಯಲ್ಲಿ. ಆ ಹಳ್ಳಿಗಾಡಿನ ಆಡಳಿತದ ಘಟಕವೇ ಕೌಂಟಿ. ಬಹುಮಟ್ಟಿಗೆ ನಮ್ಮ ತಾಲ್ಲೂಕಿನಂತೆ ಎಂದು ತಿಳಿದರೆ ಸಾಕು. ಅದಕ್ಕೊಂದು ಮುಖ್ಯ ಊರು, ಅಲ್ಲೊಂದು ನ್ಯಾಯಾಲಯ. ಜಮೀನಿನ ಪತ್ರ, ಮದುವೆಯ ದಾಖಲೆ, ತೆರಿಗೆ, ಎಲ್ಲಕ್ಕೂ ಜನ ಅಲ್ಲಿಗೇ ಬರಬೇಕು.

ಓಹಾಯೋ ನದಿಯಾಚೆಯ ನೆಲವನ್ನು 1785ರ ಕಾಯಿದೆಯಂತೆ ಸರಪಣಿ ಹಿಡಿದು ಅಳೆದರು. ಆರು ಮೈಲಿ ಚೌಕದ ಟೌನ್‌ಷಿಪ್, ಅದರೊಳಗೆ 36 ತುಂಡು, ತುಂಡಿಗೆ 640 ಎಕರೆ. ಹದಿನಾರನೆಯ ತುಂಡು ಶಾಲೆಗೆ ಮೀಸಲು. ಐಯೋವ ರಾಜ್ಯದ ನಕ್ಷೆ ನೋಡಿದರೆ 99 ಕೌಂಟಿಗಳು ಬಹುತೇಕ ಚದುರಂಗದ ಮನೆಗಳಂತೆ ಕಾಣುತ್ತವೆ. ಮೂಲನಿವಾಸಿಗಳನ್ನು ಹೊರದೂಡಿದ ಮೇಲೆ ಎಳೆದ ಗೆರೆಗಳಿವು. 1840ರಲ್ಲಿ ಅಲ್ಲಿ 43 ಸಾವಿರ ಜನ. 1900ರ ಹೊತ್ತಿಗೆ 22 ಲಕ್ಷ!

ಅಂಕಿ ಅಂಶಗಳೆಂದರೆ ನಿದ್ದೆ ಬರುವುದೆಂಬ ದೂರು ನನಗೂ ಇತ್ತು. ಅದನ್ನು ಓಡಿಸಿದ್ದು ಮತ್ತೊಂದು ಕೌಂಟಿ. ಮಿಸಿಸಿಪ್ಪಿ ರಾಜ್ಯದಲ್ಲಿ, ಅದೇ ಹೆಸರಿನ ಮಹಾನದಿಯ ದಡದಲ್ಲಿ, 1844ರಲ್ಲಿ ರಚಿತವಾದ ಇಸಕ್ವೀನ. ನೆರೆಯ ನೀರು ತಂದು ಹಾಸಿದ ಮೆಕ್ಕಲು ಮಣ್ಣು. ಹತ್ತಿಗೆ ಹೇಳಿ ಮಾಡಿಸಿದ ನೆಲ. 1860ರ ಗಣತಿಯಲ್ಲಿ ಅಲ್ಲಿದ್ದವರು 7,831 ಜನ. ಅವರಲ್ಲಿ 7,244 ಮಂದಿ ಗುಲಾಮರು. ನೂರಕ್ಕೆ ತೊಂಬತ್ತೆರಡಕ್ಕೂ ಮೇಲೆ! ಇಡೀ ದೇಶದಲ್ಲಿ ಈ ಪ್ರಮಾಣ ಮತ್ತೆಲ್ಲಿಯೂ ಇರಲಿಲ್ಲ.

1850ರಿಂದ ಸ್ವತಂತ್ರರಾದ ಪ್ರತಿಯೊಬ್ಬರ ಹೆಸರನ್ನೂ ಗಣತಿಯವರು ಬರೆಯತೊಡಗಿದರು. ಗುಲಾಮರಿಗೆ ಬೇರೆಯೇ ಹಾಳೆ. ಮೇಲೆ ಯಜಮಾನನ ಹೆಸರು. ಕೆಳಗೆ ಸಾಲುಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಮೂವತ್ತು ವರ್ಷದ ಹೆಣ್ಣು, ಎರಡು ವರ್ಷದ ಗಂಡು. ತಾಯಿ ಮಗನೋ ಅಲ್ಲವೋ, ಹಾಳೆ ಹೇಳುವುದಿಲ್ಲ. ಆದರೂ ಪ್ರತಿನಿಧಿಸಭೆಯ ಸ್ಥಾನಗಳನ್ನು ಹಂಚುವಾಗ ಐವರು ಗುಲಾಮರನ್ನು ಮೂವರಂತೆ ಲೆಕ್ಕ ಹಿಡಿಯುತ್ತಿದ್ದರು. ಮತವಿಲ್ಲದವರ ತಲೆಯೆಣಿಕೆಯಿಂದ ಯಜಮಾನರ ಕಡೆಗೆ ಸ್ಥಾನ ಹೆಚ್ಚಾಯಿತು. ಲೆಕ್ಕದ ಜಾಣತನವೆಂದರೆ ಇದು!

ಅಂತರ್ಯುದ್ಧ ಮುಗಿದು ಬಿಡುಗಡೆಯಾದ ಮೇಲೆ, 1870ರ ಹಾಳೆಯಲ್ಲಿ ಅವರೆಲ್ಲರ ಹೆಸರೂ ಮನೆತನದ ಹೆಸರಿನೊಡನೆ ಕಾಣಿಸಿಕೊಂಡಿತು. ಇಂದು ತಮ್ಮ ಪೂರ್ವಿಕರನ್ನು ಹುಡುಕುವ ಕರಿಯರಿಗೆ ಆ ವರ್ಷವೇ ಒಂದು ಗೋಡೆ. ಅದರಾಚೆ ಇಣುಕಬೇಕಾದರೆ ಕೌಂಟಿ ನ್ಯಾಯಾಲಯದ ಕಡತಗಳನ್ನೇ ತಡವಬೇಕು. ಸತ್ತ ಯಜಮಾನನ ಆಸ್ತಿಪಟ್ಟಿಯಲ್ಲಿ ಹೇಸರಗತ್ತೆ, ನೇಗಿಲುಗಳ ಜೊತೆಗೆ ಮನುಷ್ಯರ ಬಿಡಿಹೆಸರುಗಳೂ ಬೆಲೆಯೂ ಸಿಕ್ಕಾವು. 1890ರ ಹಾಳೆಗಳಂತೂ 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಬಿದ್ದ ಬೆಂಕಿಯಿಂದಾಗಿ ಬಹುತೇಕ ನಾಶವಾದವು. ಇಪ್ಪತ್ತು ವರ್ಷಗಳ ಕೊಂಡಿ ಕಳಚಿತು.

ಮುಂದೆ ಹತ್ತಿ ಬಿಡಿಸಲು ಯಂತ್ರ ಬಂದಿತು, ಜನ ಷಿಕಾಗೋ ಮುಂತಾದ ಉತ್ತರದ ನಗರಗಳಿಗೆ ಗುಳೆ ಹೋದರು. 2020ರ ಗಣತಿಯಲ್ಲಿ ಇಸಕ್ವೀನದಲ್ಲಿ ಉಳಿದವರು 1,338 ಮಂದಿ.

ನಕ್ಷೆಯ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟಿದ್ದೇನೆ. ನದಿಯ ಎಡದಂಡೆಯಲ್ಲಿ, ವಿಕ್ಸ್‌ಬರ್ಗ್ ಪಟ್ಟಣಕ್ಕೆ ಉತ್ತರದಲ್ಲಿ ಹುಡುಕಿದರೆ ಸಿಗುತ್ತದೆ.