ಜಿನೀವಾದ ಒಡಂಬಡಿಕೆ, ಬೀದರ್‌ನ ಹೊಲ

ಬಾಲಕಾರ್ಮಿಕ ಪದ್ಧತಿಯ ನಿರ್ಮೂಲನಕ್ಕಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು, ಅಂದರೆ ಸರ್ಕಾರ, ಮಾಲೀಕರು ಮತ್ತು ಕಾರ್ಮಿಕರ ಪ್ರತಿನಿಧಿಗಳು ಒಟ್ಟಿಗೆ ಕುಳಿತು ನಿಯಮ ರೂಪಿಸುವ ಜಿನೀವಾದ ಸಂಸ್ಥೆಯು, 1992ರಲ್ಲಿ ಆರಂಭಿಸಿದ ಕಾರ್ಯಕ್ರಮಕ್ಕೆ ಮೊದಲಿಗೆ ಸೇರಿದ ದೇಶಗಳಲ್ಲಿ ಭಾರತವೂ ಒಂದು. ಮುಂದೆ ಇದೇ ಸಂಘಟನೆಯು ಇಟಲಿ ಸರ್ಕಾರದ ನೆರವಿನಿಂದ ನಡೆಸಿದ ಕರ್ನಾಟಕ ಬಾಲಕಾರ್ಮಿಕ ಯೋಜನೆಯು ಬೀದರ್ ಮತ್ತು ಚಾಮರಾಜನಗರ ಎಂಬ, ರಾಜ್ಯದ ಎರಡು ತುದಿಗಳ ಜಿಲ್ಲೆಗಳನ್ನು ಆಯ್ದುಕೊಂಡು, ಶಿಕ್ಷಣ ಮತ್ತು ವೃತ್ತಿ ತರಬೇತಿಯ ಮೂಲಕ ಮಕ್ಕಳನ್ನು ದುಡಿಮೆಯಿಂದ ಬಿಡಿಸಲು ಯತ್ನಿಸಿತು.

ದುಡಿಮೆಯ ಕನಿಷ್ಠ ವಯಸ್ಸನ್ನು ಗೊತ್ತುಪಡಿಸುವ ಈ ಸಂಘಟನೆಯ 1973ರ 138ನೆಯ ಒಡಂಬಡಿಕೆಯನ್ನೂ, ಜೀತ, ಮಾರಾಟದಂಥ ಬಾಲಕಾರ್ಮಿಕ ಪದ್ಧತಿಯ ಅತ್ಯಂತ ಹೀನ ಸ್ವರೂಪಗಳನ್ನು ನಿಷೇಧಿಸುವ 1999ರ 182ನೆಯದನ್ನೂ ಭಾರತ ಅನುಮೋದಿಸಿದ್ದು 2017ರ ಜೂನ್‌ನಲ್ಲಿ. ಈ ವಿಳಂಬ ಸಣ್ಣದಲ್ಲ. ಅನುಮೋದನೆಯ ಹಿಂದಿನ ವರ್ಷ ತಿದ್ದುಪಡಿಯಾದ ಭಾರತದ ಬಾಲಕಾರ್ಮಿಕ ಕಾಯ್ದೆಯು 14ರೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿದರೂ, ಶಾಲೆಯ ಅವಧಿಯ ಬಳಿಕ ಮನೆತನದ ಕಸುಬಿನಲ್ಲಿ ನೆರವಾಗಲು ಅವಕಾಶ ಉಳಿಸಿತು. ತೊಗರಿ, ಉದ್ದು, ಸೋಯಾಬೀನ್ ಬೆಳೆಯುವ ಬೀದರ್ ಜಿಲ್ಲೆಯ ಕಮಲನಗರ, ಔರಾದ್, ಭಾಲ್ಕಿಯ ಸೀಮೆಯಲ್ಲಿ ಈ ವಿನಾಯಿತಿಯೇ ತೊಡಕಿನದು, ಏಕೆಂದರೆ ಹೊಲದಲ್ಲಿ ಕಳೆ ಕೀಳುವ ಮಗು ಮನೆಗೆ ನೆರವಾಗುತ್ತಿದೆಯೋ ಕೂಲಿಯಾಳಿನ ಜಾಗ ತುಂಬುತ್ತಿದೆಯೋ ಎಂಬುದು ಕಾಯ್ದೆಯ ಪುಟದಲ್ಲಿ ಕಾಣದು. ಬಿತ್ತನೆ ಮತ್ತು ರಾಶಿಯ ವಾರಗಳ ಹಾಜರಿ ಪುಸ್ತಕವನ್ನು ಗಮನವಿಟ್ಟು ನೋಡುವ ಊರಿನ ಶಿಕ್ಷಕರು ಅದನ್ನು ಎಲ್ಲರಿಗಿಂತ ಮೊದಲು ಗುರುತಿಸಬಲ್ಲರು.