ದೂರಕ್ಕೆ ಗೆರೆ ಹಾಕಿದ ಮೇಷ್ಟ್ರು: ಟರ್ನರ್



ಹೆದ್ದಾರಿ ಬದಿಯ ಕಂಬಗಳ ಸಾಲು ಬಿಡಿಸಿರಿ ಅಂತ ಮಕ್ಕಳಿಗೆ ಹೇಳಿ ನೋಡಿ. ದೂರದ ಕಂಬ ಗಿಡ್ಡ ಕಾಣಬೇಕು ಎಂಬುದು ಅವರಿಗೆ ಗೊತ್ತು. ಎಡವುವುದು ಕಂಬಗಳ ನಡುವಿನ ಅಂತರದಲ್ಲಿ. ಅದು ಎಷ್ಟೆಷ್ಟು ಕಿರಿದಾಗಬೇಕು? ಇಲ್ಲಿ ಅಂದಾಜು ನಡೆಯುವುದಿಲ್ಲ, ರೇಖಾಗಣಿತವೇ ಬೇಕು.

ಹಲಗೆ ನೋಡಿ. ಇದು ದಿಗಂತದ ಗೆರೆ, ಅದರ ಮೇಲಿನ ಚುಕ್ಕಿ ಮರೆಯಾಗುವ ಬಿಂದು. ಮೊದಲ ಕಂಬದ ತುದಿ, ನಡು, ಬುಡ ಮೂರರಿಂದಲೂ ಆ ಬಿಂದುವಿಗೆ ಗೆರೆ ಎಳೆದೆ. ಎರಡನೇ ಕಂಬವನ್ನು ನನಗೆ ಬೇಕಾದಲ್ಲಿ ನಿಲ್ಲಿಸಿದೆ. ಈಗ ಮೊದಲ ಕಂಬದ ತುದಿಯಿಂದ ಎರಡನೆಯದರ ನಡುವನ್ನು ಹಾಯ್ದು ಒಂದು ಓರೆಗೆರೆ. ಅದು ಬುಡದ ಗೆರೆಯನ್ನು ಮುಟ್ಟಿದಲ್ಲಿ ಮೂರನೇ ಕಂಬ. ಕಾರಣ ಇಷ್ಟೇ: ಒಂದನೆಯ ಮತ್ತು ಮೂರನೆಯ ಕಂಬಗಳ ನಡುವಿನದು ಒಂದು ಆಯತ, ಆಯತದ ಕರ್ಣ ಅದರ ನಟ್ಟನಡುವೆಯೇ ಹಾಯಬೇಕು, ಅಲ್ಲಿ ಎರಡನೆಯ ಕಂಬವಿದೆ. ಹೀಗೇ ನಾಲ್ಕನೆಯದು, ಐದನೆಯದು.

ಇಂಥ ಪಾಠಕ್ಕೆ ನಕ್ಷೆಗಳನ್ನೇ ನೆಚ್ಚಿಕೊಂಡವನು ಇಂಗ್ಲೆಂಡಿನ ಚಿತ್ರಕಾರ ಜೆ. ಎಂ. ಡಬ್ಲ್ಯೂ. ಟರ್ನರ್. 1807ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಅವನನ್ನು ಪರ್ಸ್ಪೆಕ್ಟಿವ್, ಅಂದರೆ ದೂರವನ್ನು ಗೆರೆಯಲ್ಲಿ ತೋರಿಸುವ ವಿದ್ಯೆಯ, ಪ್ರಾಧ್ಯಾಪಕನನ್ನಾಗಿ ಆರಿಸಿತು. ಮೊದಲ ಉಪನ್ಯಾಸ ನಡೆದದ್ದು 1811ರಲ್ಲಿ. ಮಾತು ಅವನಿಗೆ ಒಲಿದಿರಲಿಲ್ಲ, ತಡವರಿಸುತ್ತಿದ್ದ, ಗೊಣಗುತ್ತಿದ್ದ. ಆದರೆ ಸಭೆಗೆ ಎತ್ತಿ ತೋರಿಸಲು ಕೈಯಾರೆ ಬಿಡಿಸಿ ತಂದ ದೊಡ್ಡ ನಕ್ಷೆಗಳು ನೂರಕ್ಕೂ ಮಿಕ್ಕಿದ್ದವು. ಕಂಬದ ಮೇಲಿನ ಕಟ್ಟಣೆ, ಸಮಾಧಿಮಂದಿರದ ಒಳಾಂಗಣ, ಅರ್ಧ ನೀರು ತುಂಬಿದ ಗಾಜಿನ ಗೋಳದಲ್ಲಿ ಬೆಳಕು ಬಾಗುವ ಬಗೆ, ಎಲ್ಲವೂ ಅವುಗಳಲ್ಲಿದ್ದವು. ಕಿವಿ ಮಂದವಾಗಿದ್ದ ಸ್ಟೊಥಾರ್ಡ್ ಎಂಬ ಹಿರಿಯ ಕಲಾವಿದ ಈ ಉಪನ್ಯಾಸಗಳನ್ನು ತಪ್ಪಿಸುತ್ತಿರಲಿಲ್ಲವಂತೆ. ಕೇಳಿಸದಿದ್ದರೇನು, ನೋಡಲು ಬೇಕಾದಷ್ಟಿದೆ ಎನ್ನುವುದು ಅವನ ಸಮಾಧಾನ. ಆ ನಕ್ಷೆಗಳು ಇಂದು ಲಂಡನ್ನಿನ ಟೇಟ್ ಸಂಗ್ರಹದಲ್ಲಿವೆ.

ಈ ಬಗೆಯ ಶಿಕ್ಷಣ ನಮ್ಮ ಧಾರವಾಡ ಸೀಮೆಗೆ ಬಂದದ್ದು ಮುಂಬಯಿ ದಾರಿಯಿಂದ. 1857ರಲ್ಲಿ ಶುರುವಾದ ಜೆ. ಜೆ. ಕಲಾಶಾಲೆ ಬ್ರಿಟಿಷ್ ಮಾದರಿಯದು. ಅಲ್ಲಿ ಕಲಿತ ಡಿ. ವಿ. ಹಾಲಭಾವಿಯವರು 1935ರಲ್ಲಿ ಧಾರವಾಡದಲ್ಲಿ ತಮ್ಮದೇ ಕಲಾಶಾಲೆ ತೆರೆದರು. ಚಿತ್ರ ಕಲಿಯಲು ಮುಂಬಯಿಗೆ ಹೋಗಲಾರದ ಈ ಭಾಗದ ಹುಡುಗರಿಗೆ ದಾರಿ ಹತ್ತಿರವಾಯಿತು.

‘ಗೆರೆ, ಅಳತೆ ಅಂತ ಕೂತರೆ ಮಕ್ಕಳ ಕಲ್ಪನೆ ಬತ್ತುವುದಿಲ್ಲವೇ?’ ಎಂದು ಕೇಳುವವರಿದ್ದಾರೆ. ಅವರಿಗೆ ಟರ್ನರ್ 1844ರಲ್ಲಿ ಪ್ರದರ್ಶಿಸಿದ ‘ಮಳೆ, ಹಬೆ ಮತ್ತು ವೇಗ’ ಚಿತ್ರ ತೋರಿಸಬೇಕು. ಮಳೆ, ಮಂಜು, ಹೊಗೆ ಎಲ್ಲ ಕಲಸಿಹೋಗಿ ಹೊಳೆ ಯಾವುದು, ಆಕಾಶ ಯಾವುದು ತಿಳಿಯದು. ರೈಲು ಬರುತ್ತಿರುವ ಸೇತುವೆಯ ಎರಡು ಅಂಚುಗಳು ಮಾತ್ರ ದೂರದಲ್ಲಿ ಕೂಡುತ್ತ ನೇರ ಓಡುತ್ತವೆ. ಆ ಎರಡು ಗೆರೆ ಸಡಿಲಾಗಿದ್ದರೆ ರೈಲು ನಮ್ಮ ಮೇಲೆಯೇ ನುಗ್ಗಿ ಬಂದಂತೆ ಅನ್ನಿಸುತ್ತಲೇ ಇರಲಿಲ್ಲ. ಬಣ್ಣವನ್ನು ಅಷ್ಟು ಧೈರ್ಯದಿಂದ ಹರಿಯಬಿಡಲು ಅವನಿಗೆ ಸಾಧ್ಯವಾದದ್ದು ಕೆಳಗಿನ ಗೆರೆ ಬಿಗಿಯಾಗಿದ್ದುದರಿಂದ. ಶಾಲೆಯಲ್ಲಿ ಸ್ಕೇಲು, ಪೆನ್ಸಿಲ್ ಹಿಡಿಸುವುದು ಇದಕ್ಕೇ.