ಮುರಿದ ಮೂಳೆ ಕೂಡುವ ಬಗೆ

(ಹಳೆಯ ವಿದ್ಯಾರ್ಥಿಗಳ ಸಮ್ಮಿಲನದಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರಲ್ಲ, ಬಿ.ಇ. ಓದಿ ಕಂಪ್ಯೂಟರ್ ಮುಂದೆ ಕೂರುವವನು. ಆದರೂ ಇವತ್ತು ರಕ್ತ ಮತ್ತು ಮೂಳೆಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಅಪ್ಪ ಬೈಕಿನಿಂದ ಬಿದ್ದು ಕಾಲಿನ ಮೂಳೆ ಮುರಿದುಕೊಂಡರು. ನಾಲ್ಕು ತಿಂಗಳಾದರೂ ಅದು ಸರಿಯಾಗಿ ಕೂಡಲಿಲ್ಲ. ‘ಪಿಆರ್‌ಪಿ ಇಂಜೆಕ್ಷನ್ ಹಾಕಿಸಿ’ ಎಂದು ಪರಿಚಯದವರೊಬ್ಬರು ಹೇಳಿದರು. ಖರ್ಚಿನ ಬಾಬ್ತು. ಹಾಗಾಗಿ ಅದೇನೆಂದು ಮೊದಲು ತಿಳಿದುಕೊಂಡೆ.

ಕೆಂಪು ರಕ್ತಕಣ, ಬಿಳಿ ರಕ್ತಕಣ, ಕಿರುತಟ್ಟೆ ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಬರೆಸುತ್ತಿದ್ದರಲ್ಲ, ಡೆಂಗಿ ಬಂದಾಗ ‘ಪ್ಲೇಟ್‌ಲೆಟ್ ಇಳಿದಿದೆ’ ಎನ್ನುವುದು ಆ ಕಿರುತಟ್ಟೆಗಳನ್ನೇ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5ರಿಂದ 4.5 ಲಕ್ಷ ಇರುತ್ತವೆ. ಮೂಳೆಯ ಮಜ್ಜೆಯಲ್ಲಿ ಹುಟ್ಟಿ, 8ರಿಂದ 10 ದಿನ ಬದುಕುತ್ತವೆ.

ಮೂಳೆ ಮುರಿದ ಕಡೆ ರಕ್ತ ಹೆಪ್ಪುಗಟ್ಟುತ್ತದೆ. ಅಲ್ಲಿ ಕಿರುತಟ್ಟೆಗಳು ಬೆಳವಣಿಗೆಯ ಅಂಶಗಳನ್ನು ಬಿಡುತ್ತವೆ, ರೋಗನಿರೋಧಕ ಕಣಗಳನ್ನು ಕರೆಯುತ್ತವೆ. ಅವುಗಳಲ್ಲಿ ಮ್ಯಾಕ್ರೋಫೇಜ್ ಎಂಬ ಕಣಗಳು ಮೊದಲು ಕಸ ತೆಗೆಯುತ್ತವೆ. ಆಮೇಲೆ ಅವುಗಳ ಸ್ವಭಾವ ಬದಲಾಗಿ, ಕಟ್ಟುವ ಕೆಲಸಕ್ಕೆ ನೆರವಾಗುತ್ತವೆ. ಹಾಗಾಗಿ ಮೊದಲ ದಿನಗಳ ಊತವೂ ವಾಸಿಯಾಗುವ ಕೆಲಸದ ಭಾಗವೇ. ಕಸ ತೆಗೆಯುವ ಹಂತ ಮುಗಿಯದೆ ಎಳೆದರೆ ಕಟ್ಟುವ ಕೆಲಸ ಹಿಂದೆ ಬೀಳುತ್ತದೆ.

ಪಿಆರ್‌ಪಿ ಎಂದರೆ ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಕಿರುತಟ್ಟೆ ಹೆಚ್ಚಿರುವ ಭಾಗವನ್ನು ಬೇರ್ಪಡಿಸಿ ಹಾಕುವುದು. ಇಂಥ ಪದಾರ್ಥಗಳು ಮ್ಯಾಕ್ರೋಫೇಜ್‌ಗಳನ್ನು ಕಟ್ಟುವ ಕಡೆಗೆ ತಿರುಗಿಸಬಲ್ಲವು ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಆದರೆ ರೋಗಿಗಳಲ್ಲಿ ಫಲ ಒಂದೇ ರೀತಿ ಬಂದಿಲ್ಲ. ತಯಾರಿಸುವ ವಿಧಾನ, ಅದರಲ್ಲಿ ಉಳಿಯುವ ಬಿಳಿಕಣ, ಎಲ್ಲವೂ ಒಂದೊಂದು ಕಡೆ ಒಂದೊಂದು ಥರ. ಮಂಡಿ ಸವೆತಕ್ಕೆ ಇದನ್ನು ಕೊಟ್ಟು ಆಸ್ಟ್ರೇಲಿಯಾದಲ್ಲಿ 288 ಜನರನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷದ ನಂತರ ನೋವಿನ ವಿಷಯದಲ್ಲಿ ಉಪ್ಪುನೀರಿನ ಇಂಜೆಕ್ಷನ್‌ಗಿಂತ ಗಣನೀಯ ಹೆಚ್ಚುಗಾರಿಕೆ ಕಾಣಲಿಲ್ಲ.

ಅಪ್ಪನ ಡಾಕ್ಟರು ನಮಗೆ ಹೇಳಿದ್ದು ಬೇರೆ: ‘ಮೊದಲು ಬೀಡಿ ಬಿಡಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಡಿ, ಹೇಳಿದಷ್ಟೇ ಭಾರ ಹಾಕಿ.’ ಧೂಮಪಾನ, ಸಕ್ಕರೆ ಕಾಯಿಲೆ ಎರಡೂ ಮೂಳೆ ಕೂಡುವುದನ್ನು ತಡಮಾಡುತ್ತವೆ. ಮೂವತ್ತು ವರ್ಷದ ಬೀಡಿಯನ್ನು ಅಪ್ಪ ಬಿಟ್ಟರು. ಇಂಜೆಕ್ಷನ್ ಇಲ್ಲದೆಯೇ ಈಗ ಹೊಲಕ್ಕೆ ಹೋಗಿಬರುತ್ತಾರೆ.

ಊರಿನವರಲ್ಲಿ ನನ್ನದು ಎರಡೇ ವಿನಂತಿ. ದುಬಾರಿ ಚಿಕಿತ್ಸೆ ಹೇಳಿದರೆ, ‘ನನ್ನ ಕಾಯಿಲೆಗೆ ಇದು ಕೆಲಸ ಮಾಡಿದ್ದಕ್ಕೆ ಆಧಾರವೇನು?’ ಎಂದು ಸಂಕೋಚವಿಲ್ಲದೆ ಕೇಳಿ. ಇನ್ನೊಂದು, ದಾನವಾಗಿ ಬಂದ ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ 5 ದಿನವಷ್ಟೇ ಇಟ್ಟುಕೊಳ್ಳಬಹುದು, ಅದಕ್ಕೇ ರಕ್ತ ಸದಾ ಬೇಕು. ಆರೋಗ್ಯವಂತರು 18 ತುಂಬಿದ ಮೇಲೆ ಕೊಡಬಹುದು. ಈ ಸುವರ್ಣ ಮಹೋತ್ಸವದ ನೆನಪಿಗೆ ನಮ್ಮ ಶಾಲೆಯಲ್ಲಿ ವರ್ಷಕ್ಕೊಂದು ರಕ್ತದಾನ ಶಿಬಿರ ನಡೆಯಲಿ. ಮೊದಲ ಹೆಸರು ನನ್ನದೇ ಬರೆದುಕೊಳ್ಳಿ.